ಅಂದಕ್ಕಾಗಿ ಚರ್ಮ ಬೆಳೆಸಬೇಕೆ?

ಮನುಷ್ಯರ ಜೀವಕೋಶ ತೆಗೆದು ಬಟ್ಟಲಿನಲ್ಲಿ ಚರ್ಮ ಬೆಳೆಸುವ ವಿದ್ಯೆ ಮೊದಲು ಹೆಸರು ಮಾಡಿದ್ದು ಸುಟ್ಟಗಾಯದ ವಾರ್ಡಿನಲ್ಲಿ. ಅದು ಕ್ರೀಮು, ಲೋಷನ್, ಶಾಂಪೂ ಮಾಡುವವರ ಕೈ ಸೇರಿಯೂ ಬಹಳ ವರ್ಷವಾಯಿತು. ಒಳ್ಳೆಯದಾಯಿತೇ? ಹಾಸನದಲ್ಲಿ ಫಾರ್ಮಸಿ ಪಾಠ ಮಾಡುವ ಅತ್ತಿಗೆ ಹೌದು ಎನ್ನುತ್ತಾರೆ. ಚಿಕ್ಕಮಗಳೂರಿನಲ್ಲಿ ಚರ್ಮದ ಡಾಕ್ಟರಾಗಿರುವ ಮೈದುನ ಒಪ್ಪುವುದಿಲ್ಲ.

ಪರ
ಮೊಲದ ಬೆನ್ನಿಗಿಂತ ಇದು ವಾಸಿ

ಹಾಸನದ ಸುತ್ತಮುತ್ತ ಟಿಶ್ಯೂ ಕಲ್ಚರ್ ಅಂದರೆ ಬಾಳೆಸಸಿ. ಮನುಷ್ಯರ ಚರ್ಮವನ್ನೂ ಹಾಗೇ ಬೆಳೆಸುತ್ತಾರೆ ಅಂತ ಕ್ಲಾಸಿನಲ್ಲಿ ಹೇಳಿದರೆ ಹಿಂದಿನ ಬೆಂಚಿನಿಂದ ‘ಗೊನೆ ಯಾವಾಗ ಬಿಡುತ್ತೆ ಮೇಡಂ’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ನಕ್ಕು ಮುಗಿದ ಮೇಲೆ ನಾನು ಹೇಳುವುದು, ಹೋಲಿಕೆ ಅಷ್ಟೇನೂ ತಪ್ಪಿಲ್ಲ ಅಂತ. ಒಂದು ಚೂರು ಅಂಗಾಂಶ, ಅದಕ್ಕೆ ಬೇಕಾದ ಆಹಾರ, ಸೋಂಕು ತಾಗದ ಜಾಗ, ಹದವಾದ ಬಿಸಿ. ಇಷ್ಟು ಕೊಟ್ಟರೆ ಜೀವಕೋಶ ತನ್ನ ಕೆಲಸ ತಾನು ನೋಡಿಕೊಳ್ಳುತ್ತದೆ. ಬಾಳೆಯಲ್ಲಿ ಇಡೀ ಗಿಡವೇ ಬರುತ್ತದೆ. ಇಲ್ಲಿ ಬರುವುದು ಅಂಗಿಯ ಗುಂಡಿಗಿಂತ ಚಿಕ್ಕದಾದ ಒಂದು ಬಿಲ್ಲೆ.

ಆ ಬಿಲ್ಲೆ ಏಕೆ ಬೇಕಾಯಿತು ಎಂದು ತಿಳಿಯಬೇಕಾದರೆ ಅದಕ್ಕೆ ಮುಂಚೆ ಏನಿತ್ತು ಎಂದು ನೋಡಬೇಕು. 1944ರಲ್ಲಿ ಅಮೆರಿಕದ ಔಷಧ ಇಲಾಖೆಯ ಜಾನ್ ಡ್ರೇಜ್ ಮತ್ತು ಸಂಗಡಿಗರು ಒಂದು ಪರೀಕ್ಷಾ ಕ್ರಮವನ್ನು ಪ್ರಕಟಿಸಿದರು. ಬಿಳಿ ಮೊಲದ ಬೆನ್ನಿನ ಕೂದಲು ಬೋಳಿಸಿ, ಪದಾರ್ಥವನ್ನು ಅಲ್ಲಿಗೆ ಹಚ್ಚಿ, ಬಟ್ಟೆ ಕಟ್ಟಿ, ಕೆಲವು ಗಂಟೆಯ ಮೇಲೆ ಬಿಚ್ಚಿ, ಎಷ್ಟು ಕೆಂಪಾಗಿದೆ ಎಷ್ಟು ಊದಿದೆ ಎಂದು ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವುದು. ಕಣ್ಣಿನ ಪರೀಕ್ಷೆಯೂ ಇದೇ ಬಗೆ, ಹಚ್ಚುವ ಬದಲು ಕಣ್ಣೊಳಗೆ ಹಾಕುವುದು. ಹಲವು ದಶಕ ಜಗತ್ತಿನ ಸೋಪು, ಶಾಂಪೂ, ತುಟಿಬಣ್ಣ ಎಲ್ಲವೂ ಈ ಮೊಲಗಳನ್ನು ದಾಟಿಕೊಂಡೇ ಅಂಗಡಿಗೆ ಬಂದವು.

ಹಿಂಸೆಯ ಮಾತು ಹಾಗಿರಲಿ, ಪರೀಕ್ಷೆಯಾಗಿಯೂ ಅದು ಅಷ್ಟಕ್ಕಷ್ಟೇ. ಮೊಲದ ಚರ್ಮ ನಮ್ಮದಕ್ಕಿಂತ ಬೇಗ ಹೀರಿಕೊಳ್ಳುತ್ತದೆ, ಬೇಗ ಕೆಂಪಾಗುತ್ತದೆ. ಕೆಂಪು ಎಷ್ಟು ಎನ್ನುವುದು ನೋಡುವವರ ಕಣ್ಣಿಗೆ ಬಿಟ್ಟದ್ದು. ಒಂದೇ ಪದಾರ್ಥವನ್ನು ಬೇರೆ ಬೇರೆ ಲ್ಯಾಬುಗಳಿಗೆ ಕೊಟ್ಟರೆ ಬೇರೆ ಬೇರೆ ಉತ್ತರ ಬರುತ್ತದೆ ಎಂದು 1971ರಲ್ಲೇ ವೀಲ್ ಮತ್ತು ಸ್ಕಾಲಾ ಎಂಬ ಸಂಶೋಧಕರು ತೋರಿಸಿದ್ದರು.

ನಾನು ಬಿ.ಫಾರ್ಮಾ ಓದುವಾಗ ಪ್ರಾಕ್ಟಿಕಲ್ಲಿನಲ್ಲಿ ಮೊಲದ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ, ಟಾರ್ಚ್ ಬಿಟ್ಟು, ಪಾಪೆ ಹಿಗ್ಗಿದ್ದನ್ನು ಸ್ಕೇಲ್ ಹಿಡಿದು ಅಳೆದು ರೆಕಾರ್ಡ್ ಬರೆಯುವುದಿತ್ತು. ಮೊಲವನ್ನು ಹಿಡಿದುಕೊಳ್ಳುವ ಕೆಲಸ ಅಟೆಂಡರದ್ದು. ಅದು ಕೂಗುವುದಿಲ್ಲ, ಪರಚುವುದೂ ಕಡಿಮೆ, ಮೂಗು ಮಾತ್ರ ಅದುರುತ್ತಾ ಇರುತ್ತದೆ. ಈಗ ನನ್ನ ವಿದ್ಯಾರ್ಥಿಗಳು ಅದನ್ನೇ ಕಂಪ್ಯೂಟರಿನಲ್ಲಿ ನೋಡಿ ಕಲಿಯುತ್ತಾರೆ. ಕಲಿಕೆಯಲ್ಲಿ ಏನೂ ಕಡಿಮೆಯಾಗಿಲ್ಲ.

ಇನ್ನು ಬಿಲ್ಲೆ ಬೆಳೆಸುವ ಬಗೆ. ಸ್ತನದ್ದೋ ಹೊಟ್ಟೆಯದ್ದೋ ಆಪರೇಷನ್ ಮಾಡಿಸಿಕೊಂಡವರ ಒಪ್ಪಿಗೆ ಪಡೆದು, ಹೇಗೂ ಎಸೆಯಬೇಕಾದ ಚರ್ಮವನ್ನು ಲ್ಯಾಬಿಗೆ ತರುತ್ತಾರೆ. ಟ್ರಿಪ್ಸಿನ್ ಎಂಬ ಕಿಣ್ವದಲ್ಲಿ ನೆನೆಸಿದರೆ ಮೇಲ್ಪದರದ ಕೋಶಗಳು ಬಿಡಿಬಿಡಿಯಾಗುತ್ತವೆ. ಇವು ಕೆರಟಿನೋಸೈಟುಗಳು, ಮೇಲ್ಚರ್ಮದ ಬಹುಪಾಲು ಇವೇ. ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜೆನ್ ಎಂಬ ಪ್ರೋಟೀನು ಹಾಸಿದ ಪುಟ್ಟ ಬಟ್ಟಲಿಗೆ ಹಾಕಿ, ಪೋಷಕದ್ರವದಲ್ಲಿ ಮುಳುಗಿಸಿ, ಮೈಬಿಸಿಯಷ್ಟೇ ಬಿಸಿಯಲ್ಲಿ ಇಡುತ್ತಾರೆ. ತಳವೆಲ್ಲ ತುಂಬಿಕೊಂಡ ಮೇಲೆ ಒಂದು ಉಪಾಯ ಮಾಡುತ್ತಾರೆ, ಈ ಇಡೀ ವಿದ್ಯೆಯಲ್ಲಿ ನನಗೆ ತುಂಬ ಇಷ್ಟವಾದ ಹಂತ ಅದು. ಮೇಲಿನ ದ್ರವವನ್ನು ತೆಗೆದುಬಿಡುತ್ತಾರೆ. ಕೆಳಗಿನಿಂದ ಊಟ, ಮೇಲಿನಿಂದ ಬರೀ ಗಾಳಿ. ಗಾಳಿ ತಾಗಿದ್ದೇ ತಡ, ಕೋಶಗಳು ಮೈಮೇಲೇ ಇದ್ದೇವೆಂದು ತಿಳಿದು ಪದರ ಪದರವಾಗಿ ಏಳುತ್ತವೆ; ಮೇಲೆ ಬಂದವು ಚಪ್ಪಟೆಯಾಗಿ, ಸತ್ತು, ನಿಜವಾದ ಚರ್ಮದ ಹಾಗೇ ಒಣ ಹೊರಪದರ ಕಟ್ಟುತ್ತವೆ. ಎರಡು ವಾರದ ಆಸುಪಾಸಿನಲ್ಲಿ ಬಿಲ್ಲೆ ಸಿದ್ಧ.

ಪರೀಕ್ಷೆ ಇನ್ನೂ ಸರಳ. ಎಪಿಸ್ಕಿನ್ ಎಂಬ ಮಾದರಿಯಲ್ಲಾದರೆ ಪದಾರ್ಥವನ್ನು 15 ನಿಮಿಷ ಹಚ್ಚಿ, ತೊಳೆದು, 42 ಗಂಟೆ ಬಿಟ್ಟು, ಎಂಟಿಟಿ ಎಂಬ ಹಳದಿ ದ್ರಾವಣದಲ್ಲಿ ಇಡುತ್ತಾರೆ. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ, ಸತ್ತದ್ದು ಮಾಡಲಾರದು. ನೇರಳೆ ಎಷ್ಟು ಗಾಢವಾಗಿದೆ ಎಂದು ಯಂತ್ರ ಅಳೆಯುತ್ತದೆ. ಬರೀ ಉಪ್ಪುದ್ರಾವಣ ತಾಗಿಸಿದ ಬಿಲ್ಲೆಯ ಪಕ್ಕ ಇಟ್ಟು ನೋಡಿದಾಗ ಬದುಕಿದ್ದು ಶೇ 50ರಷ್ಟು ಅಥವಾ ಇನ್ನೂ ಕಡಿಮೆ ಅಂದರೆ ಆ ಪದಾರ್ಥ ಉರಿ ತರಿಸುವಂಥದ್ದು. ಕೆಂಪೋ ಅರೆಗೆಂಪೋ ಎಂಬ ವಾದಕ್ಕೆ ಜಾಗವೇ ಇಲ್ಲ. ಪರೀಕ್ಷೆ ಸರಿಯಾಗಿ ನಡೆಯಿತೇ ಎಂದು ನೋಡಿಕೊಳ್ಳಲು ಪ್ರತಿ ಸಲವೂ ಕೆಲವು ಬಿಲ್ಲೆಗಳಿಗೆ ಬೇಕೆಂದೇ ಉರಿ ತರುವ ಪದಾರ್ಥ ಹಾಕುತ್ತಾರೆ. ಅದು ಯಾವುದು ಗೊತ್ತೇ? ಶೇ 5ರ ಸೋಡಿಯಂ ಲಾರಿಲ್ ಸಲ್ಫೇಟ್ ದ್ರಾವಣ. ಬಚ್ಚಲುಮನೆಯಲ್ಲಿರುವ ಟೂತ್‌ಪೇಸ್ಟಿನ ಟ್ಯೂಬ್ ತಿರುಗಿಸಿ ಓದಿ, ಈ ಹೆಸರು ಅಲ್ಲೂ ಸಿಗಬಹುದು.

ಈ ಬಗೆಯ ಪರೀಕ್ಷೆಯನ್ನು ಹಲವು ದೇಶಗಳು ಸೇರಿ ಕಟ್ಟಿಕೊಂಡಿರುವ ಓಇಸಿಡಿ ಸಂಸ್ಥೆ 2004ರಲ್ಲಿ ಚರ್ಮ ಸುಡುವ ಪದಾರ್ಥಗಳಿಗೂ 2010ರಲ್ಲಿ ಉರಿ ತರಿಸುವ ಪದಾರ್ಥಗಳಿಗೂ ಒಪ್ಪಿತು. 2013ರ ಮಾರ್ಚಿನಲ್ಲಿ ಯುರೋಪ್ ಒಕ್ಕೂಟ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯವರ್ಧಕಗಳ ಮಾರಾಟವನ್ನೇ ನಿಲ್ಲಿಸಿತು. ಮರುವರ್ಷ ಭಾರತ ಮೊದಲು ಅಂಥ ಪರೀಕ್ಷೆಯನ್ನು, ಅದೇ ವರ್ಷದ ಕೊನೆಯೊಳಗೆ ಅಂಥ ಸರಕಿನ ಆಮದನ್ನೂ ನಿಷೇಧಿಸಿತು. ದಕ್ಷಿಣ ಏಷ್ಯಾದಲ್ಲಿ ನಾವೇ ಮೊದಲು. ಪ್ರಾಣಿದಯಾ ಸಂಘದವರ ಹೋರಾಟ ದೊಡ್ಡದೇ. ಆದರೆ ಮೊಲದ ಜಾಗದಲ್ಲಿ ಇಡಲು ಏನೂ ಇಲ್ಲದಿದ್ದರೆ ಯಾವ ಸರ್ಕಾರವೂ ಆ ಕಾಯ್ದೆಗೆ ಸಹಿ ಹಾಕುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಶ್ರವಣಬೆಳಗೊಳ ಇರುವ ಜಿಲ್ಲೆ ನಮ್ಮದು. ಕೂರುವ ಮುಂಚೆ ನವಿಲುಗರಿಯ ಪಿಂಛಿಯಿಂದ ಹುಳುಹುಪ್ಪಟೆ ಸರಿಸುವ ಮುನಿಗಳನ್ನು ನೋಡಿ ಬೆಳೆದವರಿಗೆ, ತುಟಿಗೆ ಹಚ್ಚುವ ಬಣ್ಣಕ್ಕಾಗಿ ಮೊಲದ ಕಣ್ಣು ಉರಿಸಿದ್ದು ಸರಿ ಎಂದು ಯಾರೂ ಒಪ್ಪಿಸಲಾರರು.

‘ಅಂದವೇ ಬೇಡ ಬಿಡಿ, ಆಗ ಮೊಲವೂ ಬೇಡ, ಬಿಲ್ಲೆಯೂ ಬೇಡ’ ಎಂದು ನಮ್ಮ ಮೈದುನ ಊಟಕ್ಕೆ ಕೂತಾಗಲೆಲ್ಲ ವಾದ ಹೂಡುತ್ತಾನೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯನ್ನು ಅವನು ಒಮ್ಮೆ ತೆರೆದು ಓದಬೇಕು. ಮೈಗೆ ಹಚ್ಚುವ, ಸುರಿಯುವ, ಉದುರಿಸುವ, ತೊಳೆಯಲಿಕ್ಕೆಂದು ಬಳಸುವ ಎಲ್ಲವೂ ಕಾಯ್ದೆಯ ಕಣ್ಣಿನಲ್ಲಿ ಸೌಂದರ್ಯವರ್ಧಕವೇ. ಬಾಣಂತಿಯ ಮಗುವಿಗೆ ಹಾಕುವ ಪೌಡರು ಅದರೊಳಗೆ ಬರುತ್ತದೆ. ಕಾಫಿ ಕುಯ್ದು ಕೈ ಒಡೆದವರು ಹಚ್ಚಿಕೊಳ್ಳುವ ವ್ಯಾಸಲೀನ್, ದಿನಾ ಮೈಗೆ ತಿಕ್ಕುವ ಸೋಪು ಸಹ. ಇವನ್ನೆಲ್ಲ ಪರೀಕ್ಷಿಸದೆ ಮಾರಿ ಎನ್ನುವುದಾದರೆ ಪರೀಕ್ಷೆ ನಡೆಯುವುದು ಗಿರಾಕಿಯ ಮೈಮೇಲೆ.

ಹಣದ ಮಾತಿಗೆ ಬರೋಣ. 1975ರಲ್ಲಿ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್ ಮನುಷ್ಯರ ಕೆರಟಿನೋಸೈಟುಗಳನ್ನು ಬಟ್ಟಲಿನಲ್ಲಿ ಬೆಳೆಸುವ ವಿಧಾನ ಪ್ರಕಟಿಸಿದರು. 1983ರಲ್ಲಿ ಅಮೆರಿಕದಲ್ಲಿ ಇಬ್ಬರು ಪುಟ್ಟ ಅಣ್ಣತಮ್ಮಂದಿರು ಮೈಯ ಶೇ 95ಕ್ಕಿಂತ ಹೆಚ್ಚು ಸುಟ್ಟುಕೊಂಡು ಬಂದರು. ಕಂಕುಳಲ್ಲಿ ಉಳಿದಿದ್ದ ಚೂರು ಚರ್ಮವನ್ನು ಗ್ರೀನ್ ಅವರ ಲ್ಯಾಬಿನಲ್ಲಿ ಹಾಳೆಹಾಳೆಯಾಗಿ ಬೆಳೆಸಿ ಮೈಗೆ ಹೊದಿಸಿದರು, ಇಬ್ಬರೂ ಬದುಕಿದರು. ಪವಾಡ ಎನ್ನುವ ಮಾತನ್ನು ನಾನು ಸುಮ್ಮನೆ ಬಳಸುವುದಿಲ್ಲ, ಇಲ್ಲಿ ಬಳಸುತ್ತೇನೆ. ಅಂಥದನ್ನು ಪ್ರತಿವಾರ ಒಂದೇ ಹದದಲ್ಲಿ, ಒಂದೇ ದಪ್ಪದಲ್ಲಿ ತಯಾರಿಸಿ, ಪೆಟ್ಟಿಗೆಯಲ್ಲಿಟ್ಟು ದೇಶದೇಶಕ್ಕೆ ಕಳಿಸುವಷ್ಟು ಪಳಗಿಸುವುದು ಬೇರೆಯೇ ಕೆಲಸ. ಅದಕ್ಕೆ ದಶಕಗಟ್ಟಲೆ ಹಣ ಹಾಕಿ ಕಾದವರಲ್ಲಿ ಸೌಂದರ್ಯವರ್ಧಕ ಕಂಪನಿಗಳೂ ಇದ್ದಾರೆ. ಫ್ರಾನ್ಸಿನ ಲೊರಿಯಾಲ್ 1970ರ ದಶಕದ ಕೊನೆಯಿಂದಲೇ ಇದರಲ್ಲಿ ತೊಡಗಿತ್ತು. ಲಿಪ್‌ಸ್ಟಿಕ್ಕಿನ ಲಾಭ ಜೀವಕೋಶದ ಲ್ಯಾಬಿಗೆ ಹರಿದಿದ್ದರೆ ನನಗೇನೂ ಬೇಜಾರಿಲ್ಲ.

ಕೊನೆಗೆ ನಮ್ಮ ಮನೆಮದ್ದು. ಪ್ಯಾಕೆಟ್ಟಿನದಾದರೆ ಕೆಮಿಕಲ್, ಹಿತ್ತಲಿನದಾದರೆ ಅಮೃತ ಎನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕರಿಗೇರಿನ ಸೊನೆ ತಾಗಿಸಿಕೊಂಡವರನ್ನು ಕೇಳಿ, ಹಿತ್ತಲಿನದು ಎಷ್ಟು ಸೌಮ್ಯ ಅಂತ. ಬಿಳಿಮಚ್ಚೆಗೆ ಬಾವಂಚಿ ಬೀಜದ ಎಣ್ಣೆ ಹಚ್ಚಿ ಬಿಸಿಲಿಗೆ ಒಡ್ಡುವುದು ಆಯುರ್ವೇದದ ಹಳೆಯ ಕ್ರಮ. ಬೀಜದಲ್ಲಿರುವ ಸೋರಲೆನ್ ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಕೆಲಸ ಮಾಡುತ್ತದೆ. ಪ್ರಮಾಣ ತಪ್ಪಿದರೆ ಅದೇ ಜಾಗದಲ್ಲಿ ಬೊಬ್ಬೆ ಏಳುತ್ತದೆ. ಈಗ ಅದೇ ಬೀಜದಿಂದ ತೆಗೆದ ಬಕುಚಿಯಾಲ್ ದುಬಾರಿ ಸೀರಮ್ಮುಗಳಲ್ಲಿ ಬರುತ್ತಿದೆ. ಶುದ್ಧ ಮಾಡುವಾಗ ಸೋರಲೆನ್ ಎಷ್ಟು ಉಳಿಯಿತು, ಉಳಿದದ್ದು ಮೈಸುಡುವಷ್ಟಿದೆಯೇ ಎಂದು ಯಾರ ಮೇಲೆ ನೋಡುವುದು? ಬೆಳೆಸಿದ ಚರ್ಮಕ್ಕೆ ಹಚ್ಚಿ, ದೀಪ ಹಿಡಿದು, ಬಿಸಿಲಿನ ಉರಿಯನ್ನು ಅಳೆಯುವ ಕ್ರಮಕ್ಕೆ 2021ರಲ್ಲಿ ಓಇಸಿಡಿ ಒಪ್ಪಿಗೆ ಸಿಕ್ಕಿದೆ. ಹಾಸನದಲ್ಲಿ ಎಸ್‌ಡಿಎಂ ಆಯುರ್ವೇದ ಕಾಲೇಜಿದೆ, ಸರ್ಕಾರಿ ಮೆಡಿಕಲ್ ಕಾಲೇಜಿದೆ. ಒಂದು ಕಡೆ ಲೇಪ ಗೊತ್ತು, ಇನ್ನೊಂದು ಕಡೆ ಚರ್ಮ ಗೊತ್ತು. ನಡುವೆ ಇಂಥ ಬಿಲ್ಲೆಗಳಿರುವ ಒಂದು ಪುಟ್ಟ ಲ್ಯಾಬ್ ಬಂದರೆ ನಮ್ಮ ಅಜ್ಜಿಯರ ಅರ್ಧ ಔಷಧಿ ಗೆಲ್ಲುತ್ತದೆ. ಇನ್ನರ್ಧ ಸೋಲಲಿ ಬಿಡಿ, ಸೋತದ್ದೂ ಗೊತ್ತಾಗಬೇಕಲ್ಲ.

ವಿರೋಧ
ಬಟ್ಟಲಿನ ಚರ್ಮ ಬೆವರುವುದಿಲ್ಲ

ಅತ್ತಿಗೆ ಮೊಲವನ್ನು ನೆನೆದರು, ಕರುವನ್ನು ಮರೆತರು.

‘ಪೋಷಕದ್ರವ’ ಎಂದು ಒಂದೇ ಮಾತಿನಲ್ಲಿ ದಾಟಿಸಿಬಿಟ್ಟರಲ್ಲ, ಅದರಲ್ಲಿ ಏನಿರುತ್ತದೆ? ಜೀವಕೋಶ ಬೆಳೆಸುವ ಲ್ಯಾಬುಗಳು ದಶಕಗಳಿಂದ ನೆಚ್ಚಿಕೊಂಡಿರುವುದು ಹುಟ್ಟದ ಕರುವಿನ ಸೀರಮ್ಮನ್ನು. ಗಬ್ಬದ ಹಸು ಕಸಾಯಿಖಾನೆಗೆ ಬಂದರೆ ಅದರ ಹೊಟ್ಟೆಯೊಳಗಿನ ಕರುವಿನ ಹೃದಯಕ್ಕೆ ಸೂಜಿ ಚುಚ್ಚಿ ರಕ್ತ ಎಳೆದು ಅದರಿಂದ ಸೀರಮ್, ಅಂದರೆ ರಕ್ತದ ತಿಳಿದ್ರವ, ತೆಗೆಯುತ್ತಾರೆ. ಅತ್ತಿಗೆ ಹೇಳಿದ ಎಪಿಸ್ಕಿನ್ನಿನ ತಳಕ್ಕೆ ಹಾಸುವ ಕೊಲಾಜೆನ್ ದನದ್ದು. ಗ್ರೀನ್ ಸಾಹೇಬರು 1975ರಲ್ಲಿ ಮನುಷ್ಯರ ಕೋಶ ಬೆಳೆಸಿದ್ದು ಇಲಿಯ ಕೋಶಗಳ ಹಾಸಿನ ಮೇಲೆ. ಸೀರಮ್ ಬೇಡದ ದ್ರವಗಳು ಈಗ ಬಂದಿವೆ, ಕೆಲವರು ಬಳಸುತ್ತಲೂ ಇದ್ದಾರೆ, ಅಷ್ಟನ್ನು ಒಪ್ಪುತ್ತೇನೆ. ಆದರೆ ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂದು ಡಬ್ಬಿಯ ಮೇಲೆ ನೆಗೆಯುವ ಮೊಲದ ಚಿತ್ರ ಹಾಕುವವರು ಬಟ್ಟಲಿನಲ್ಲಿ ಏನು ಸುರಿದಿದ್ದರು ಎಂದು ಡಬ್ಬಿಯ ಯಾವ ಮೂಲೆಯಲ್ಲೂ ಬರೆಯುವುದಿಲ್ಲ. ಬೆಳಗೊಳದ ಮುನಿಗಳ ಮಾತು ತೆಗೆದದ್ದು ಅತ್ತಿಗೆಯೇ, ಉತ್ತರವನ್ನೂ ಅವರೇ ಹೇಳಲಿ.

ಇದು ನನ್ನ ಸಣ್ಣ ತಕರಾರು. ದೊಡ್ಡದು ದಿನಾ ನನ್ನ ಮೇಜಿನ ಮೇಲೆ ಬಂದು ಬೀಳುತ್ತದೆ.

ಮೂಡಿಗೆರೆ, ಆಲ್ದೂರು, ಕೊಪ್ಪದ ಕಡೆಯಿಂದ ಬರುವ ಹೆಂಗಸರು ಬ್ಯಾಗಿನಿಂದ ಟ್ಯೂಬ್ ತೆಗೆದಿಡುತ್ತಾರೆ. ತುದಿಯಿಂದ ಸುತ್ತಿ ಸುತ್ತಿ ಹಿಂಡಿ ಸುರುಳಿಯಾಗಿರುತ್ತದೆ, ಹೆಸರಿನ ಅರ್ಧ ಅಳಿಸಿರುತ್ತದೆ. ಬಂಗಿಗೆಂದು ಯಾರೋ ಹೇಳಿದರು, ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಕೊಟ್ಟರು. ಒಳಗಿರುವುದು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಒಂದು ಸ್ಟೀರಾಯ್ಡ್. ಮೊದಲ ವಾರಗಳಲ್ಲಿ ಮುಖ ತಿಳಿಯಾಗುತ್ತದೆ, ಊರವರೆಲ್ಲ ಚೆನ್ನಾಗಿ ಕಾಣ್ತೀಯ ಅನ್ನುತ್ತಾರೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಎದ್ದು, ಮೊಡವೆ ಬಂದು, ಗದ್ದದ ಮೇಲೆ ಕೂದಲು ಬೆಳೆಯುತ್ತದೆ. ಬಿಟ್ಟರೆ ಉರಿ, ಬಿಡದಿದ್ದರೆ ಇನ್ನಷ್ಟು ಹಾಳು. ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ನಿಯಮ ಬಂತು. ಟ್ಯೂಬುಗಳು ಬರುವುದು ನಿಂತಿಲ್ಲ.

ಇದಕ್ಕೂ ಬೆಳೆಸಿದ ಚರ್ಮಕ್ಕೂ ಏನು ಸಂಬಂಧ ಎನ್ನುತ್ತೀರಾ? ಈಗ ಟ್ಯೂಬಿನ ಜೊತೆ ಮೊಬೈಲೂ ಬರುತ್ತದೆ. ‘ಡಾಕ್ಟ್ರೇ, ಇದು ಹಾಗಲ್ಲ, ಮನುಷ್ಯರ ಚರ್ಮದ ಮೇಲೇ ಟೆಸ್ಟ್ ಮಾಡಿದ್ದಂತೆ ನೋಡಿ’ ಎಂದು ಕಾಲೇಜು ಹುಡುಗಿ ಜಾಹೀರಾತು ತೋರಿಸುತ್ತಾಳೆ. ಅತ್ತಿಗೆ ಅಷ್ಟು ಚೆಂದಾಗಿ ವಿವರಿಸಿದ ಆ ನೇರಳೆ ಬಣ್ಣದ ಪರೀಕ್ಷೆ ಹೇಳುವುದು ಒಂದೇ ಮಾತು: ಇದನ್ನು ಹಚ್ಚಿದರೆ ಕೋಶ ಸಾಯುತ್ತದೋ ಇಲ್ಲವೋ. ಬಂಗು ಹೋಗುತ್ತದೋ, ಸುಕ್ಕು ಕಡಿಮೆಯಾಗುತ್ತದೋ, ಆರು ತಿಂಗಳ ಮೇಲೆ ಏನಾಗುತ್ತದೋ ಅದಕ್ಕೆ ಗೊತ್ತಿಲ್ಲ. ಜಾಹೀರಾತು ಬರೆಯುವವನು ‘ಉರಿ ತರಿಸುವುದಿಲ್ಲ’ ಎಂಬ ಸರ್ಟಿಫಿಕೇಟನ್ನು ಹಿಡಿದುಕೊಂಡು ‘ಕೆಲಸ ಮಾಡುತ್ತದೆ’ ಎಂದು ಓದಿ ಹೇಳುತ್ತಾನೆ. ಕೇಳುವವರಿಗೆ ಎರಡರ ವ್ಯತ್ಯಾಸ ತಿಳಿಯುವುದಾದರೂ ಹೇಗೆ?

ಆ ಬಿಲ್ಲೆಯಲ್ಲಿ ಬೆವರಿನ ಗ್ರಂಥಿ ಇಲ್ಲ, ಕೂದಲಿನ ಬುಡ ಇಲ್ಲ, ರಕ್ತನಾಳ ಇಲ್ಲ, ನರ ಇಲ್ಲ. ರೋಗ ಎದುರಿಸುವ ಕೋಶಗಳೂ ಸಾಮಾನ್ಯವಾಗಿ ಇರುವುದಿಲ್ಲ. ಹೊರಪದರ ನಮ್ಮದಕ್ಕಿಂತ ಸಡಿಲ. ಅಲರ್ಜಿ ಎನ್ನುವುದು ಚರ್ಮವೂ ರಕ್ತವೂ ದುಗ್ಧಗ್ರಂಥಿಯೂ ಸೇರಿ ಮಾಡುವ ಜಗಳ. ಚರ್ಮ ಒಂದನ್ನೇ ಬಟ್ಟಲಿನಲ್ಲಿಟ್ಟು ಆ ಜಗಳ ನೋಡಲಾಗದು. ಇನ್ನು ಬಂಗು ಬರುವುದು ಬಿಸಿಲಿನಿಂದ, ಬಸಿರಿನಿಂದ, ಮಾತ್ರೆಯಿಂದ, ವಂಶದಿಂದ. ಕುಯ್ಲಿನ ಕಾಲದಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ತೋಟದ ಇಳಿಜಾರಿನಲ್ಲಿ ನಿಂತ ಮುಖವನ್ನು ಯಾವ ಲ್ಯಾಬೂ ಬೆಳೆಸಿಲ್ಲ.

ಪರೀಕ್ಷೆ, ಅನುಮತಿ ಎಲ್ಲ ಮುಗಿಸಿಕೊಂಡು ಬಂದ ಪದಾರ್ಥ ಜನರ ಮುಖದ ಮೇಲೆ ಏನು ಮಾಡಬಲ್ಲದು ಎಂಬುದಕ್ಕೆ ಜಪಾನಿನ ಕಥೆ ಇದೆ. ಕನೆಬೊ ಕಂಪನಿಯ ರೋಡೊಡೆನಾಲ್ ಎಂಬ ಬಣ್ಣ ತಿಳಿಮಾಡುವ ಪದಾರ್ಥಕ್ಕೆ 2008ರಲ್ಲಿ ಅಲ್ಲಿನ ಸರ್ಕಾರ ಅನುಮತಿ ಕೊಟ್ಟಿತ್ತು. 2013ರ ಜುಲೈನಲ್ಲಿ ಕಂಪನಿಯೇ ಆ ಕ್ರೀಮುಗಳನ್ನು ಅಂಗಡಿಗಳಿಂದ ವಾಪಸ್ ತರಿಸಿಕೊಂಡಿತು. ಹಚ್ಚಿದ ಸಾವಿರಾರು ಜನರ ಮುಖ, ಕುತ್ತಿಗೆ, ಕೈಗಳ ಮೇಲೆ ತೊನ್ನಿನಂಥ ಬಿಳಿ ಮಚ್ಚೆಗಳು ಎದ್ದಿದ್ದವು. ಬಣ್ಣ ಮಾಡುವ ಕೋಶದೊಳಗಿನ ಟೈರೋಸಿನೇಸ್ ಎಂಬ ಕಿಣ್ವವೇ ಆ ಪದಾರ್ಥವನ್ನು ವಿಷವಾಗಿ ಬದಲಿಸಿ ಕೋಶವನ್ನು ಕೊಲ್ಲುತ್ತಿತ್ತು ಎಂದು ಆಮೇಲೆ ತಿಳಿಯಿತು. ನಮ್ಮಲ್ಲೂ ಇದರ ಬಡ ಸೋದರಿ ಇದ್ದಾಳೆ. ಸ್ಟಿಕ್ಕರ್ ಬಿಂದಿ ಇಟ್ಟೂ ಇಟ್ಟೂ ಹಣೆಯ ನಡುವೆ ಬಿಂದಿಯಷ್ಟೇ ದುಂಡಗೆ ಬೆಳ್ಳಗಾಗಿರುವ ಹೆಂಗಸರನ್ನು ಚಿಕ್ಕಮಗಳೂರಿನ ಯಾವ ಚರ್ಮದ ಡಾಕ್ಟರನ್ನು ಕೇಳಿದರೂ ಕಂಡಿದ್ದೇನೆ ಅನ್ನುತ್ತಾರೆ. ಕೆಲವು ಬಿಂದಿಗಳ ಅಂಟಿನಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕ ಅದಕ್ಕೆ ಕಾರಣ. ಅದನ್ನು ಹಿಡಿಯಬಲ್ಲ ಚರ್ಮದ ಮಾದರಿ ಜಗತ್ತಿನಲ್ಲಿ ಇದ್ದೇ ಇದೆ, ಸಂತೆಯ ಬಿಂದಿಗೆ ಅದನ್ನು ಯಾರೂ ಬಳಸುವುದಿಲ್ಲ. ದುಡ್ಡಿರುವವರ ಕ್ರೀಮಿಗೆ ಬಳಸುತ್ತಾರೆ.

ಆ ಮಾದರಿಗಳನ್ನು ಯಾವ ಕೆಲಸಕ್ಕೆ ಹಚ್ಚಿದ್ದಾರೆ ನೋಡಿ. ಕೆರಟಿನೋಸೈಟಿನ ಜೊತೆ ಬಣ್ಣದ ಕೋಶ ಬೆರೆಸಿ ಬೆಳೆಸಿದ ಚರ್ಮ ಅಮೆರಿಕದಲ್ಲಿ ಮಾರಾಟಕ್ಕಿದೆ. ಬಿಳಿಯರದ್ದು, ಏಷ್ಯಾದವರದ್ದು, ಕರಿಯರದ್ದು ಎಂದು ಮೂರು ಬಗೆಯಲ್ಲಿ ಸಿಗುತ್ತದೆ. ಕೊಳ್ಳುವವರ ಮುಖ್ಯ ಉಪಯೋಗಗಳಲ್ಲಿ ಒಂದು, ಯಾವ ಪದಾರ್ಥ ಹಚ್ಚಿದರೆ ಈ ಕಪ್ಪು ಬಿಲ್ಲೆ ಬೆಳ್ಳಗಾಗುತ್ತದೆ ಎಂದು ಹುಡುಕುವುದು. ಬಟ್ಟಲಿನ ಬಣ್ಣ ದಿನದಿಂದ ದಿನಕ್ಕೆ ತಿಳಿಯಾಗುವ ಫೋಟೋಗಳನ್ನು ಸಾಲಾಗಿ ಜೋಡಿಸಿ ತೋರಿಸುತ್ತಾರೆ. ಗ್ರೀನ್ ಅವರ ವಿಧಾನ ಪ್ರಕಟವಾದ 1975ರಲ್ಲೇ ನಮ್ಮ ದೇಶದಲ್ಲಿ ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂತು. ಒಂದು ಸುಟ್ಟ ಮಕ್ಕಳನ್ನು ಉಳಿಸುವತ್ತ ಹೋಯಿತು, ಇನ್ನೊಂದು ಕಂದು ಮುಖದವರಿಗೆ ನಾಚಿಕೆ ಕಲಿಸುತ್ತ ಹೋಯಿತು. 2020ರಲ್ಲಿ ಹೆಸರಿನಿಂದ ‘ಫೇರ್’ ಕಳಚಿ ‘ಗ್ಲೋ’ ಬಂತು. ಈ ಎರಡು ದಾರಿ ಇಂದು ಒಂದೇ ಲ್ಯಾಬಿನಲ್ಲಿ ಸೇರಿವೆ. ಮದುವೆಗೆ ಮೂರು ತಿಂಗಳಿದೆ, ಅಷ್ಟರೊಳಗೆ ಒಂದು ಶೇಡ್ ಇಳಿಸಿಕೊಡಿ ಎಂದು ಮಗಳನ್ನು ಕರೆತರುವ ತಾಯಂದಿರಿಗೆ ನಾನು ಉತ್ತರ ಹೇಳಬೇಕಾದವನು. ಅವರ ಹಠಕ್ಕೆ ವಿಜ್ಞಾನದ ಮುದ್ರೆ ಒತ್ತಿಕೊಡುವವರ ಮೇಲೆ ನನಗೆ ಪ್ರೀತಿ ಹುಟ್ಟುವುದಿಲ್ಲ.

ಆಮೇಲೆ ಈ ವಿದ್ಯೆಯ ಹೆಸರು ಹೇಳಿಕೊಂಡು ಬದುಕುವ ಕಳ್ಳರ ಸಂತೆ. ‘ಸ್ಟೆಮ್ ಸೆಲ್’, ಅಂದರೆ ಬೇರೆ ಬೇರೆ ಕೋಶವಾಗಿ ಬೆಳೆಯಬಲ್ಲ ಮೂಲಕೋಶ, ಅದರ ಕ್ರೀಮು ಎಂದು ಡಬ್ಬಿ ಬರುತ್ತದೆ; ಒಳಗಿರುವುದು ಸೇಬಿನ ಕೋಶದ ಸಾರ. ಜೀವಂತ ಕೋಶ ಕ್ರೀಮಿನ ಡಬ್ಬಿಯಲ್ಲಿ ಒಂದು ದಿನವೂ ಬದುಕುವುದಿಲ್ಲ ಎಂದು ಅತ್ತಿಗೆಯ ಮೊದಲ ವರ್ಷದ ವಿದ್ಯಾರ್ಥಿಯೂ ಹೇಳಬಲ್ಲ. ಹೊರಪದರ ದಾಟಿ ಇಳಿಯಬೇಕಾದರೆ ಅಣುವಿನ ತೂಕ 500 ಡಾಲ್ಟನ್ ಒಳಗಿರಬೇಕು ಎಂದು ಬಾಸ್ ಮತ್ತು ಮೈನಾರ್ಡಿ ಎಂಬ ಸಂಶೋಧಕರು 2000ದಲ್ಲಿ ಬರೆದರು. ಕೊಲಾಜೆನ್ ಅಣು ಸುಮಾರು 3 ಲಕ್ಷ ಡಾಲ್ಟನ್. ಕೊಲಾಜೆನ್ ಕ್ರೀಮು ಮಾತ್ರ ಎಲ್ಲ ಅಂಗಡಿಯಲ್ಲೂ ಇದೆ. ಅಮೆರಿಕದಲ್ಲಿ ಗಂಡುಶಿಶುಗಳ ಸುನ್ನತಿಯಲ್ಲಿ ತೆಗೆದ ಮುಂದೊಗಲಿನ ಕೋಶ ಬೆಳೆಸಿ, ಆ ಕೋಶ ನೆನೆದಿದ್ದ ದ್ರವವನ್ನು ಮುಖದ ಕ್ರೀಮಿಗೆ ಸೇರಿಸಿ ಮಾರಿದ್ದುಂಟು. ಮನುಷ್ಯರ ಕೋಶ, ಅಂಗಾಂಶ, ಅವುಗಳಿಂದ ಬಂದ ಯಾವುದೂ ಸೌಂದರ್ಯವರ್ಧಕದಲ್ಲಿ ಕೂಡದು ಎಂದು ಯುರೋಪ್ ಒಕ್ಕೂಟದ ನಿಯಮ ಹೇಳುತ್ತದೆ. ನಮ್ಮಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ, ರಕ್ತಸಂಬಂಧಿ ಕಾಯಿಲೆಗಳ ಕಸಿ ಬಿಟ್ಟು ಬೇರೆ ಯಾವ ಸ್ಟೆಮ್ ಸೆಲ್ ಚಿಕಿತ್ಸೆಯೂ ಒಪ್ಪಿತವಲ್ಲ, ಮಾಡುವುದಾದರೆ ಅನುಮತಿ ಪಡೆದ ಪ್ರಯೋಗವಾಗಿ ಮಾತ್ರ ಮಾಡಿ ಎಂದಿದೆ. ಎಕ್ಸೋಸೋಮ್ (ಕೋಶಗಳು ಹೊರಬಿಡುವ ಅತಿಸಣ್ಣ ಚೀಲ) ಹೆಸರಿನ ಸರಕುಗಳ ಬಗ್ಗೆ ಅಮೆರಿಕದ ಔಷಧ ಇಲಾಖೆ ಎಫ್‌ಡಿಎ 2019ರ ಡಿಸೆಂಬರಿನಲ್ಲೇ ಜನರನ್ನು ಎಚ್ಚರಿಸಿತ್ತು. ಇಷ್ಟಾದರೂ ಮುಖಕ್ಕೆಲ್ಲ ಸಣ್ಣ ಸೂಜಿ ಚುಚ್ಚಿ ಮೇಲೆ ಎಕ್ಸೋಸೋಮ್ ಸವರುವ ಪ್ಯಾಕೇಜುಗಳ ಜಾಹೀರಾತು ನನ್ನ ರೋಗಿಗಳ ಫೋನಿಗೆ ಬರುತ್ತಲೇ ಇದೆ. ಬಾಟಲಿಯಲ್ಲಿ ಏನಿದೆ ಎಂದು ಚುಚ್ಚುವವರಿಗೂ ಗೊತ್ತಿರುವುದಿಲ್ಲ.

ನೇರವಾಗಿ, ಕಾನೂನಿನ ಪ್ರಕಾರವೇ ಈ ದಾರಿಯಲ್ಲಿ ಹೊರಟವರೂ ಇದ್ದರು. ಕಿವಿಯ ಹಿಂದಿನ ಚೂರು ಚರ್ಮ ತೆಗೆದು, ಅದರ ಕೋಶ ಬೆಳೆಸಿ, ಮೂಗಿನ ಪಕ್ಕದ ಗೆರೆಗೆ ಮೂರು ಸಲ ಚುಚ್ಚುವ ಲಾವಿವ್ ಎಂಬ ಚಿಕಿತ್ಸೆಗೆ ಅಮೆರಿಕ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ.

ಈಗ ಅತ್ತಿಗೆಯ ಲಿಪ್‌ಸ್ಟಿಕ್ ಲಾಭದ ವಾದ. ಆ ಲಾಭ ಲ್ಯಾಬಿಗೆ ಹೋಯಿತು, ಸರಿ. ಅಲ್ಲಿಂದ ವಾಪಸ್ ಆಸ್ಪತ್ರೆಗೆ ಎಷ್ಟು ಬಂತು? ಪರೀಕ್ಷೆಯ ಬಿಲ್ಲೆಯನ್ನು ಗಾಯದ ಮೇಲೆ ಹಾಕಲು ಬರುವುದಿಲ್ಲ, ಅದನ್ನು ಆ ಕೆಲಸಕ್ಕೆ ಮಾಡಿದ್ದೂ ಅಲ್ಲ. 1983ರ ಆ ಅಣ್ಣತಮ್ಮಂದಿರಿಗೆ ಹೊದಿಸಿದಂಥ ಹಾಳೆ ಇವತ್ತಿಗೂ ವಿಪರೀತ ದುಬಾರಿ. ಸೀರೆಗೆ ಬೆಂಕಿ ಹತ್ತಿಯೋ, ಬಿಸಿನೀರಿನ ಹಂಡೆ ಮಗುಚಿಯೋ ನಮ್ಮ ಜಿಲ್ಲಾ ಆಸ್ಪತ್ರೆಗೆ ಬಂದವರಿಗೆ ಅದು ಸಿಕ್ಕಿದ್ದನ್ನು ನಾನು ನೋಡಿಲ್ಲ. ಅವರಿಗೆ ಆಗಬೇಕಾದದ್ದು ತೀರಾ ಹಳೆಯ ಉಪಾಯ, ಸತ್ತವರ ಚರ್ಮ. ಗಾಯಕ್ಕೆ ಅದನ್ನು ಹೊದಿಸಿದರೆ ನೀರು ಸೋರುವುದು, ಸೋಂಕು, ನೋವು ಕಡಿಮೆಯಾಗಿ ಸ್ವಂತ ಚರ್ಮ ಬರುವವರೆಗೆ ಜೀವ ಹಿಡಿದಿಡಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮನಿಧಿ ಇದೆ. ತೀರಿಕೊಂಡ ಸುಮಾರು ಆರು ಗಂಟೆಯೊಳಗೆ ತೊಡೆ, ಕಾಲು, ಬೆನ್ನಿನಿಂದ ಕಾಗದದಷ್ಟು ತೆಳುವಾದ ಪದರ ತೆಗೆಯುತ್ತಾರೆ. ರಕ್ತ ಸೋರುವುದಿಲ್ಲ, ದೇಹ ವಿಕಾರವಾಗುವುದಿಲ್ಲ. ಗ್ಲಿಸರಾಲಿನಲ್ಲಿ ಅದ್ದಿ ಫ್ರಿಜ್ಜಿನಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ರಕ್ತದ ಗುಂಪು ಹೊಂದಬೇಕಾಗಿಯೂ ಇಲ್ಲ.

ಡಾ. ರಾಜಕುಮಾರ್, ಆಮೇಲೆ ಪುನೀತ್ ಕಣ್ಣು ಕೊಟ್ಟು ಹೋದ ಮೇಲೆ ನೇತ್ರದಾನ ನಮ್ಮ ಹಳ್ಳಿಹಳ್ಳಿಗೂ ಗೊತ್ತು. ಚರ್ಮವನ್ನೂ ಕೊಡಬಹುದು ಎಂದರೆ ಓದಿದವರೇ ಹುಬ್ಬೇರಿಸುತ್ತಾರೆ. ಒಪ್ಪಿದರೂ ಚಿಕ್ಕಮಗಳೂರಿನಲ್ಲಿ ತೀರಿಕೊಂಡವರ ಮನೆಗೆ ಬೆಂಗಳೂರಿನಿಂದ ತಂಡ ಹೊರಟು ಬರುವಷ್ಟರಲ್ಲಿ ಆ ಆರು ಗಂಟೆಯ ಬಹುಪಾಲು ರಸ್ತೆಯಲ್ಲೇ ಕಳೆದಿರುತ್ತದೆ. ಈಗ ನಮ್ಮೂರಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಹಾಸನದಲ್ಲಿ ಮೊದಲಿನಿಂದಲೂ ಇದೆ. ಅತ್ತಿಗೆ ಕೇಳುವ ಬಿಲ್ಲೆಯ ಲ್ಯಾಬಿಗೆ ಬೇಕಾಗುವ ಹಣದಲ್ಲಿ ಒಂದು ಚೂರು ಸಾಕು, ಚರ್ಮ ತೆಗೆಯುವ ಡರ್ಮಟೋಮ್ ಬರುತ್ತದೆ, ಗ್ಲಿಸರಾಲ್ ಬರುತ್ತದೆ, ಒಂದು ಫ್ರಿಜ್ಜು ಬರುತ್ತದೆ. ಆಮೇಲೆ ಬೇಕಾಗುವುದು ಕಲಿತ ಒಂದಿಬ್ಬರು, ಅಪರಾತ್ರಿ ಫೋನ್ ಬಂದರೂ ಎದ್ದು ಹೊರಡುವಂಥವರು. ಅತ್ತಿಗೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಬರುವುದಾದರೆ ನನ್ನ ನಂಬರು ಅವರ ಬಳಿ ಇದೆ.